ಯಾರ ಹಂಗೂ ಬೇಡವೆಂದವರನ್ನು ಹಿಡಿದಿಡುವುದು ಯಾವುದು?

ಪ್ರಶ್ನೆ: ನನಗೆ 58 ವರ್ಷ. 72 ಮನೆಗಳಿರುವ ವಸತಿ ಸಮುಚ್ಚಯದಲ್ಲಿ 19 ವರ್ಷಗಳಿಂದ ಇದ್ದೇನೆ. ಈ ಸಲ ನಿವಾಸಿಗಳ ಸಂಘದ ಕಾರ್ಯದರ್ಶಿ ನಾನೇ. ಮೊದಲು ಇಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ಥರದವರು, ಒಬ್ಬರ ಮನೆಗೊಬ್ಬರು ಹೋಗಿಬಂದು ಮಾಡುತ್ತಿದ್ದೆವು. ಈಗ ಅರ್ಧಕ್ಕರ್ಧ ಬಾಡಿಗೆದಾರರು. ಭಾಷೆ ಬೇರೆ, ನಂಬಿಕೆ ಬೇರೆ, ಕೆಲಸದ ಹೊತ್ತೂ ಬೇರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಜಗಳವಾಗಿ ಗುಂಪೇ ಎರಡಾಯಿತು. ಕಳೆದ ತಿಂಗಳು ಒಂಟಿಯಾಗಿರುವ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಮರುದಿನ ಬೆಳಗಿನವರೆಗೂ ಅಲ್ಲೇ ಇದ್ದರು. ಅಕ್ಕಪಕ್ಕದ ಯಾರಿಗೂ ಗೊತ್ತಾಗಲಿಲ್ಲ. ಅವರು ಬದುಕಿಕೊಂಡರು, ಆದರೆ ನನಗೆ ಅಂದಿನಿಂದ ನಿದ್ದೆ ಇಲ್ಲ. ದೇವರ ಭಯ, ಹಿರಿಯರ ಭಯ ಹೋದದ್ದೇ ಇದಕ್ಕೆ ಕಾರಣ ಎನ್ನುತ್ತಾರೆ ನನ್ನ ತಂದೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವ ಮಗಳು, ‘ಆ ಹಳೆಯ ಒಗ್ಗಟ್ಟು ನಿಂತಿದ್ದೇ ಕೆಲವರ ಬಾಯಿ ಮುಚ್ಚಿಸಿ’ ಎನ್ನುತ್ತಾಳೆ. ಸಂಘದ ಮುಂದೆ ಮೂರು ಸಲಹೆಗಳಿವೆ: ತಿಂಗಳಿಗೊಂದು ಸ್ನೇಹಕೂಟ, ಸಭೆಗೆ ಬಾರದವರಿಗೆ ದಂಡ, ಇನ್ನು ಮುಂದೆ ‘ನಮ್ಮಂಥವರಿಗೇ’ ಮನೆ ಬಾಡಿಗೆ. ಜನರನ್ನು ನಿಜವಾಗಿ ಒಟ್ಟಿಗೆ ಹಿಡಿದಿಡುವುದು ಯಾವುದು? ಇವುಗಳಲ್ಲಿ ಯಾವುದನ್ನು ಒಪ್ಪಲಿ?

ಉತ್ತರ: ನೀವು ಕೇಳಿರುವುದು ದೊಡ್ಡ ಪ್ರಶ್ನೆ, ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಆ ಒಂದು ರಾತ್ರಿ. ಗೋಡೆಯ ಆಚೆ ಒಬ್ಬರು ಬಿದ್ದಿದ್ದಾರೆ, ಈಚೆ ಟಿ.ವಿ. ಓಡುತ್ತಿದೆ. ಹಾಗಾಗಿ ಸಿದ್ಧಾಂತಗಳ ವಿಷಯ ಬರೆಯುವಾಗಲೂ ಆ ಬಚ್ಚಲಿನ ಬಾಗಿಲು ಕಣ್ಣ ಮುಂದೆ ಇರುವಂತೆ ನೋಡಿಕೊಳ್ಳುತ್ತೇನೆ.

ನಿಮ್ಮ ಪ್ರಶ್ನೆಯನ್ನು ಕೇಳಿದವರೆಲ್ಲ ಕೇಳಿದ್ದು ಕೆಟ್ಟ ಕಾಲದಲ್ಲೇ. ರಾಜವಂಶಗಳು ಏಳುವುದನ್ನೂ ಬೀಳುವುದನ್ನೂ ಹತ್ತಿರದಿಂದ ಕಂಡ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ‘ಮುಖದ್ದಿಮಾ’ ಎಂಬ ಗ್ರಂಥ ಬರೆದ. ಗುಂಪನ್ನು ಬಿಗಿದು ಕಟ್ಟುವ ಶಕ್ತಿಗೆ ಅವನು ಕೊಟ್ಟ ಹೆಸರು ‘ಅಸಬಿಯ್ಯಾ’. ಕಷ್ಟದಲ್ಲಿ ಗಟ್ಟಿಯಾಗುವ ಅದು ಸುಖ ಬಂದ ಮೇಲೆ ಕೆಲವೇ ತಲೆಮಾರುಗಳಲ್ಲಿ ಸಡಿಲವಾಗುತ್ತದೆ ಎಂದು ಅವನು ಕಂಡುಕೊಂಡ. ಇಂಗ್ಲೆಂಡಿನಲ್ಲಿ ಅಂತರ್ಯುದ್ಧದ ಕಾವು ಇನ್ನೂ ಆರದಿದ್ದಾಗ, 1651ರಲ್ಲಿ, ತತ್ವಜ್ಞಾನಿ ಥಾಮಸ್ ಹಾಬ್ಸ್ ಬೇರೆಯೇ ಮಾತು ಹೇಳಿದ: ಎಲ್ಲರ ತಲೆಯ ಮೇಲೊಂದು ಬಲವಾದ ಅಧಿಕಾರ ಇಲ್ಲದಿದ್ದರೆ ಎಲ್ಲರೂ ಎಲ್ಲರ ಮೇಲೆ ಬೀಳುತ್ತಾರೆ. ನಿಮ್ಮ ತಂದೆಯವರ ‘ಭಯ’ಕ್ಕೆ ಹಾಬ್ಸ್ ಹತ್ತಿರದ ನೆಂಟ.

ಆದರೆ ಭಯವೊಂದರಿಂದಲೇ ನಡೆಯುವ ಸಮಾಜ ಯಾವುದೂ ಇಲ್ಲ. ನಿಮ್ಮ ಸಮುಚ್ಚಯವನ್ನೇ ನೋಡಿ. ಹೊರಗೆ ಬಿಟ್ಟ ಚಪ್ಪಲಿ ಬೆಳಿಗ್ಗೆ ಅಲ್ಲೇ ಇರುತ್ತದೆ. ಲಿಫ್ಟಿನಲ್ಲಿ ಒಳಗಿನವರು ಇಳಿದ ಮೇಲೆಯೇ ಹೊರಗಿನವರು ಹತ್ತುತ್ತಾರೆ. ಇದಕ್ಕೆಲ್ಲ ಕಾವಲುಗಾರ ಬೆನ್ನ ಹಿಂದೆ ನಿಂತಿಲ್ಲ. ಈ ಅಂಶವನ್ನು ಹಿಡಿದು ಮುಂದೆ ಹೋದವನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್. ಒಪ್ಪಂದದಲ್ಲಿರುವುದೆಲ್ಲ ಒಪ್ಪಂದದಿಂದ ಬಂದದ್ದಲ್ಲ ಎಂಬುದು ಅವನ ವಾದ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ‘ಕೊಟ್ಟ ಮಾತಿಗೆ ಬೆಲೆ ಇದೆ’ ಎಂಬ ನಂಬಿಕೆ ಇಬ್ಬರಲ್ಲೂ ಇರಬೇಕು. ಆ ನಂಬಿಕೆ ಯಾವ ಕರಾರಿನಲ್ಲೂ ಬರೆದಿರುವುದಿಲ್ಲ.

ಡರ್ಖೈಮ್ 1893ರಲ್ಲಿ ಪ್ರಕಟಿಸಿದ ಶ್ರಮ ವಿಭಜನೆಯ ಪುಸ್ತಕದಲ್ಲಿ ಎರಡು ಬಗೆಯ ಐಕ್ಯತೆಯನ್ನು ಬೇರ್ಪಡಿಸಿ ತೋರಿಸುತ್ತಾನೆ. ಒಂದು, ಎಲ್ಲರೂ ಒಂದೇ ಕೆಲಸ, ಒಂದೇ ನಂಬಿಕೆ, ಒಂದೇ ದಿನಚರಿಯವರಾಗಿದ್ದಾಗ ಇರುವ ‘ಯಾಂತ್ರಿಕ ಐಕ್ಯತೆ’. ಅಲ್ಲಿ ‘ನಾಲ್ಕು ಜನ ಏನೆಂದುಕೊಂಡಾರು’ ಎಂಬ ಅಂಜಿಕೆ ಎಲ್ಲರ ಎದೆಯೊಳಗೂ ಕೂತಿರುತ್ತದೆ. ಇನ್ನೊಂದು, ಪ್ರತಿಯೊಬ್ಬರೂ ಬೇರೆ ಬೇರೆ ಕೆಲಸ ಮಾಡುತ್ತ, ಆ ಕಾರಣಕ್ಕೇ ಒಬ್ಬರಿಗೊಬ್ಬರು ಬೇಕಾಗಿರುವ ‘ಸಾವಯವ ಐಕ್ಯತೆ’. ಸಾವಯವ ಎಂದರೆ ಈಗ ಎಲ್ಲರಿಗೂ ಗೊಬ್ಬರ, ತರಕಾರಿ ನೆನಪಾಗುತ್ತದೆ. ತರಗತಿಯಲ್ಲಿ ನಾನು ಪದವನ್ನು ಬಿಡಿಸಿ ಹೇಳುತ್ತೇನೆ: ಸ-ಅವಯವ, ಅಂದರೆ ಅವಯವಗಳಿಂದ ಕೂಡಿದ್ದು. ಕಣ್ಣಿಗೂ ಕಾಲಿಗೂ ಹೋಲಿಕೆ ಇಲ್ಲ. ಕಾಲಿನ ಥರವೇ ಇರಬೇಕೆಂದು ಕಣ್ಣು ಹೊರಟರೆ ದೇಹಕ್ಕೆ ದಾರಿ ಕಾಣುವುದಿಲ್ಲ.

ನಿಮ್ಮ ಪತ್ರದಲ್ಲಿರುವ ಮೊದಲ ತಪ್ಪು ಕಲ್ಪನೆ ಇಲ್ಲಿದೆ: ಒಂದೇ ಥರದವರಾಗಿದ್ದಕ್ಕೆ ಒಗ್ಗಟ್ಟಿತ್ತು, ಬೇರೆಯವರು ಬಂದದ್ದಕ್ಕೆ ಒಡೆಯಿತು ಎನ್ನುವುದು. ಹೋಲಿಕೆ ಒಂದು ಬಗೆಯ ಅಂಟು, ನಿಜ. ಆದರೆ ಅದೊಂದೇ ಅಂಟಾಗಿದ್ದರೆ ಯಾವ ನಗರವೂ ಒಂದು ವಾರ ನಡೆಯುತ್ತಿರಲಿಲ್ಲ. ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಪುಟ್ನಮ್ 2007ರಲ್ಲಿ ಅಮೆರಿಕದ ಸಮೀಕ್ಷೆಯನ್ನು ಆಧರಿಸಿ, ಬೇರೆ ಬೇರೆ ಮೂಲದವರಿರುವ ಬಡಾವಣೆಗಳಲ್ಲಿ ಪರಸ್ಪರ ನಂಬಿಕೆ ಕಡಿಮೆ ಇದೆ ಎಂದು ಬರೆದದ್ದು ದೊಡ್ಡ ಚರ್ಚೆಯಾಯಿತು. ಆ ಕುಸಿತ ದೀರ್ಘಾವಧಿಯಲ್ಲಿ ಉಳಿಯಬೇಕಿಲ್ಲ, ‘ನಾವು’ ಎಂಬುದರ ಗಡಿ ಹಿಗ್ಗಬಲ್ಲದು ಎಂದೂ ಅದೇ ಲೇಖನದಲ್ಲಿ ಅವನು ಹೇಳಿದ್ದಾನೆ. ಮೊದಲರ್ಧವನ್ನಷ್ಟೇ ಎತ್ತಿ ಹೇಳುವವರು ಬಹಳ ಮಂದಿ.

ಎರಡನೆಯ ಕಲ್ಪನೆ, ‘ಈಗ ಯಾರಿಗೆ ಯಾರೂ ಇಲ್ಲ’ ಎನ್ನುವುದು. ಇದಕ್ಕೆ ಸಾಕ್ಷಿಯಾಗಿ ದಶಕಗಟ್ಟಲೆ ಪಾಠ ಹೇಳಿದ್ದು 1964ರ ನ್ಯೂಯಾರ್ಕಿನ ಒಂದು ಕೊಲೆಯನ್ನು. ಕಿಟ್ಟಿ ಜಿನೊವೀಸ್ ಎಂಬ ಯುವತಿಗೆ ಇರಿಯುತ್ತಿದ್ದಾಗ 38 ಮಂದಿ ಕಿಟಕಿಯಲ್ಲಿ ನಿಂತು ನೋಡಿದರು, ಒಬ್ಬರೂ ಅಲುಗಾಡಲಿಲ್ಲ ಎಂಬ ಪತ್ರಿಕಾ ವರದಿ ಪಠ್ಯಪುಸ್ತಕಗಳನ್ನೂ ಸೇರಿತು. ನಾನೂ ವರ್ಷಗಟ್ಟಲೆ ಹಾಗೆಯೇ ಕಲಿಸಿದೆ. ದಾಖಲೆಗಳನ್ನು ಮತ್ತೆ ತೆರೆದು ನೋಡಿದ ಸಂಶೋಧಕರು 2007ರಲ್ಲಿ ತೋರಿಸಿದರು: 38 ಮಂದಿ ಪೂರ್ತಿ ಘಟನೆಯನ್ನು ನೋಡುತ್ತ ನಿಂತಿದ್ದರು ಎಂಬುದಕ್ಕೆ ಆಧಾರವೇ ಇಲ್ಲ. ಆಮ್ಸ್ಟರ್‌ಡ್ಯಾಮ್, ಲ್ಯಾಂಕಸ್ಟರ್, ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ಸೆರೆಯಾದ 219 ಬೀದಿ ಜಗಳಗಳನ್ನು ಇನ್ನೊಂದು ತಂಡ ಕೂತು ನೋಡಿತು. ಹತ್ತರಲ್ಲಿ ಒಂಬತ್ತರಲ್ಲಿ ಸುತ್ತ ಇದ್ದವರಲ್ಲಿ ಒಬ್ಬರಾದರೂ ನಡುವೆ ಬಂದು ಸಹಾಯ ಮಾಡಿದ್ದರು. ಇದು ಮೂರು ದೇಶಗಳ ಬೀದಿಯ ಜನರ ಕಥೆ. ನಿಮ್ಮ ಸಮುಚ್ಚಯದವರ ಎದೆ ಇವರಿಗಿಂತ ಕಲ್ಲು ಎಂದು ನಂಬಲು ಕಾರಣ ಇಲ್ಲ. ಆ ಹಿರಿಯರು ಬಿದ್ದದ್ದು ಯಾರ ಕಣ್ಣಿಗಾದರೂ ಬಿದ್ದಿದ್ದರೆ ಓಡಿ ಬರುತ್ತಿದ್ದರು. ಕಣ್ಣಿಗೆ ಬೀಳುವ ದಾರಿ ಇರಲಿಲ್ಲ.

ಈ ‘ದಾರಿ’ ಎಂಬುದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

1995ರ ಜುಲೈನಲ್ಲಿ ಷಿಕಾಗೊ ನಗರಕ್ಕೆ ಭೀಕರ ಬಿಸಿಗಾಳಿ ಬಡಿಯಿತು. ಒಂದೇ ವಾರದಲ್ಲಿ, ಸಾಮಾನ್ಯವಾಗಿ ಆಗುವ ಸಾವುಗಳ ಮೇಲೆ 739 ಸಾವು. ಸತ್ತವರಲ್ಲಿ ಬಹಳಷ್ಟು ಮಂದಿ ಒಂಟಿ ವೃದ್ಧರು, ಮುಚ್ಚಿದ ಬಾಗಿಲಿನ ಹಿಂದೆ. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನನ್‌ಬರ್ಗ್ ಒಂದರ ಪಕ್ಕ ಒಂದಿರುವ ಎರಡು ಬಡಾವಣೆಗಳನ್ನು ಹೋಲಿಸಿದ. ಎರಡರಲ್ಲೂ ಬಡತನವಿತ್ತು, ಒಂಟಿ ವೃದ್ಧರ ಪ್ರಮಾಣವೂ ಸುಮಾರಾಗಿ ಒಂದೇ. ನಾರ್ತ್ ಲಾನ್‌ಡೇಲಿನಲ್ಲಿ ಲಕ್ಷಕ್ಕೆ 40 ಸಾವು, ಸೌತ್ ಲಾನ್‌ಡೇಲಿನಲ್ಲಿ 4. ಎರಡನೆಯದರಲ್ಲಿ ಅಂಗಡಿಗಳು ತೆರೆದಿದ್ದವು, ಕಾಲುದಾರಿಯ ಮೇಲೆ ಜನ ಇದ್ದರು, ಮುದುಕರು ಧೈರ್ಯವಾಗಿ ಹೊರಗೆ ಬಂದು ಹೋಗುತ್ತಿದ್ದರು. ಮೊದಲನೆಯದರಲ್ಲಿ ಬೀದಿಗಳು ಹಾಳು ಸುರಿಯುತ್ತಿದ್ದವು, ಹೊರಗೆ ಬರಲು ಹೆದರಿಕೆ. ಬಡಾವಣೆಯ ಅಂಕಿಗಳಿಂದ ಒಬ್ಬೊಬ್ಬರ ಸಾವಿನ ಕಾರಣ ಹೇಳಲಾಗದು ಎಂದು ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮಿಚೆಲ್ ಡ್ಯೂನಿಯರ್ ಇದನ್ನು ಟೀಕಿಸಿದ್ದಾನೆ. ಆ ಟೀಕೆಯಲ್ಲಿ ತೂಕವಿದೆ. ಆದರೂ ಒಂದು ವಿಷಯ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಆ ಬೀದಿಯಲ್ಲಿ ಓಡಾಡಿಕೊಂಡಿದ್ದ ವೃದ್ಧರೆಲ್ಲ ಪರಸ್ಪರ ಆಪ್ತರೇನೂ ಆಗಿರಬೇಕಿರಲಿಲ್ಲ. ‘ಇವತ್ತು ಆ ಅಜ್ಜ ಕಾಣಲಿಲ್ಲವಲ್ಲ’ ಎನ್ನುವಷ್ಟು ಗುರುತಿದ್ದರೆ ಸಾಕಿತ್ತು.

ಅಷ್ಟು ತೆಳುವಾದ ಗುರುತಿಗೂ ಬಲವಿದೆ. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನು ‘ದುರ್ಬಲ ಕೊಂಡಿಗಳ ಬಲ’ ಎಂದು ಕರೆದ. ಪರಿಚಯಸ್ಥರ ಮೂಲಕ ಕೆಲಸ ಸಿಕ್ಕವರನ್ನು ಅವನು ವಿಚಾರಿಸಿದಾಗ, ಆಗಾಗ ಭೇಟಿಯಾಗುವ ಆಪ್ತರಿಂದ ಸುದ್ದಿ ತಿಳಿದವರು ಶೇ 16.7 ಮಾತ್ರ. ಉಳಿದವರಿಗೆಲ್ಲ ಯಾವಾಗಲೋ ಒಮ್ಮೆ ಸಿಗುವವರು, ಅಪರೂಪಕ್ಕೆ ಕಂಡವರು ಹೇಳಿದ್ದು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಒಂದು ವೃತ್ತದ ಸುದ್ದಿಯನ್ನು ಇನ್ನೊಂದು ವೃತ್ತಕ್ಕೆ ದಾಟಿಸುವುದು ಇಂಥ ತೆಳು ಎಳೆಗಳೇ. ನಿಮ್ಮಲ್ಲಿ ಹತ್ತೊಂಬತ್ತು ವರ್ಷದ ಹಳಬರ ನಡುವೆ ಗಟ್ಟಿ ಹಗ್ಗವಿದೆ. ಹಳಬರಿಗೂ ಹೊಸ ಬಾಡಿಗೆದಾರರಿಗೂ ನಡುವೆ ನೂಲೂ ಇಲ್ಲ.

ಆ ನೂಲು ಹೇಗೆ ಬರುತ್ತದೆ? ನಾನು ಹಿಂದೆ ಇದ್ದ ಕಟ್ಟಡದಲ್ಲಿ ಮೂರನೇ ಮಹಡಿಯ ಮೆಟ್ಟಿಲ ದೀಪ ಕೆಟ್ಟು ಬಹಳ ದಿನವಾಗಿತ್ತು. ಎಲ್ಲರೂ ಮೊಬೈಲ್ ಬೆಳಕು ಹಿಡಿದು ಹತ್ತುತ್ತಿದ್ದೆವು, ಯಾರೋ ಸರಿಮಾಡುತ್ತಾರೆ ಎಂದುಕೊಳ್ಳುತ್ತಿದ್ದೆವು. ಒಂದು ರಾತ್ರಿ ಹತ್ತರ ಹೊತ್ತಿಗೆ ಬಾಗಿಲು ಬಡಿದ ಸದ್ದು. ಎರಡು ತಿಂಗಳ ಹಿಂದೆ ಬಂದಿದ್ದ ಬಾಡಿಗೆಯ ಹುಡುಗ, ಒಂದು ಕೈಯಲ್ಲಿ ಸ್ಟೂಲ್, ಇನ್ನೊಂದರಲ್ಲಿ ಬಲ್ಬ್. ‘ಮೇಡಂ, ಸ್ವಲ್ಪ ಈ ಸ್ಟೂಲ್ ಹಿಡ್ಕೋತೀರಾ? ಒಂದು ಕಾಲು ಕುಂಟು’ ಎಂದ. ನಾನು ಹಿಡಿದುಕೊಂಡೆ. ಎದುರು ಮನೆಯವರು ಸದ್ದು ಕೇಳಿ ಹೊರಗೆ ಬಂದು ಟಾರ್ಚ್ ಬಿಟ್ಟರು. ಎರಡು ನಿಮಿಷದ ಕೆಲಸ. ಮರುದಿನದಿಂದ ನಾವು ಮೂವರೂ ಹೆಸರು ಹಿಡಿದು ಮಾತಾಡಿಸತೊಡಗಿದೆವು. ಅವನೊಬ್ಬನೇ ಸದ್ದಿಲ್ಲದೆ ಬಲ್ಬ್ ಹಾಕಿ ಹೋಗಿದ್ದರೆ ಮೆಟ್ಟಿಲಿಗೆ ಬೆಳಕು ಬರುತ್ತಿತ್ತು, ಅಷ್ಟೇ. ಅವನು ನನ್ನಿಂದ ಒಂದು ಸಹಾಯ ಕೇಳಿದ, ಅದರಿಂದ ನಮ್ಮಿಬ್ಬರ ನಡುವೆ ಒಂದು ಹಂಗು ಹುಟ್ಟಿತು.

‘ಯಾರ ಹಂಗಿನಲ್ಲೂ ಇರಬಾರದು’ ಎಂಬುದನ್ನು ನಾವು ಸ್ವಾಭಿಮಾನ ಎಂದು ಕಲಿತಿದ್ದೇವೆ. ಅದರಲ್ಲಿ ಸತ್ಯವೂ ಇದೆ. ಕೆಲವರ ಹಂಗು ಕುತ್ತಿಗೆಗೆ ಉರುಳಾಗುತ್ತದೆ. ಆದರೆ ಡರ್ಖೈಮನ ಸೋದರಳಿಯ ಮಾರ್ಸೆಲ್ ಮೌಸ್ 1925ರಲ್ಲಿ ಉಡುಗೊರೆಯ ಕುರಿತು ಬರೆದ ಪ್ರಬಂಧದಲ್ಲಿ ತೋರಿಸಿದ್ದು ಹಂಗಿನ ಇನ್ನೊಂದು ಮುಖ. ಕೊಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಮುಂದೆಂದೋ ಹಿಂತಿರುಗಿಸಬೇಕು: ಈ ಮೂರು ಬಾಧ್ಯತೆಗಳೇ ಜನರನ್ನು ಹೆಣೆಯುತ್ತವೆ. ತೆಗೆದುಕೊಳ್ಳಲು ಒಪ್ಪದಿದ್ದರೆ ಸಂಬಂಧವನ್ನೇ ಒಪ್ಪದ ಹಾಗೆ. ಲೆಕ್ಕ ಅಲ್ಲಿಂದಲ್ಲಿಗೆ ಚುಕ್ತಾ ಆದರೂ ಸಂಬಂಧ ಮುಗಿಯುತ್ತದೆ. ಪ್ರತಿಯೊಂದು ಸೇವೆಯನ್ನೂ ದುಡ್ಡು ಕೊಟ್ಟು, ಆ್ಯಪ್ ಒತ್ತಿ ಪಡೆಯುವ 72 ಮನೆಗಳಲ್ಲಿ ಎಲ್ಲರ ಲೆಕ್ಕವೂ ದಿನಾ ರಾತ್ರಿ ಚುಕ್ತಾ ಆಗಿರುತ್ತದೆ. ನೀವು ಅನುಭವಿಸುತ್ತಿರುವ ಖಾಲಿತನದ ಮೂಲ ನನಗೆ ಕಾಣುವುದು ಇಲ್ಲಿ. ಹೊಸಬರ ಭಾಷೆಯಲ್ಲಿ ಅಲ್ಲ, ನಂಬಿಕೆಯಲ್ಲೂ ಅಲ್ಲ.

ಇನ್ನು ನಿಮ್ಮ ಮಗಳ ಮಾತು. ಅದನ್ನು ತಳ್ಳಿಹಾಕಬೇಡಿ. ಒಗ್ಗಟ್ಟು ಕಂಡಾಗ ‘ಇದರ ಬೆಲೆ ತೆತ್ತವರು ಯಾರು’ ಎಂದು ಕೇಳುವುದನ್ನು ಮಾರ್ಕ್ಸ್ ಕಲಿಸಿದ. ಮುಸೊಲಿನಿಯ ಸೆರೆಮನೆಯಲ್ಲಿ ಬರೆದ ಇಟಲಿಯ ಚಿಂತಕ ಅಂತೋನಿಯೊ ಗ್ರಾಮ್ಷಿ ಇನ್ನೂ ಸೂಕ್ಷ್ಮವಾಗಿ ಹೇಳಿದ: ಆಳುವವರ ಮಾತು ಎಲ್ಲರ ಸಾಮಾನ್ಯ ತಿಳಿವಳಿಕೆಯಾಗಿ ಬಿಟ್ಟರೆ ಬಲಪ್ರಯೋಗದ ಅಗತ್ಯ ಕಡಿಮೆ, ಒಪ್ಪಿಗೆಯೇ ಆ ಕೆಲಸ ಮಾಡುತ್ತದೆ. ಹಳೆಯ ದಿನಗಳಲ್ಲಿ ಯಾರ ಮನೆಗೆ ಯಾರು ಹೋಗುತ್ತಿರಲಿಲ್ಲ, ಸಭೆಯಲ್ಲಿ ಯಾರು ಮಾತಾಡುತ್ತಿರಲಿಲ್ಲ, ಕೂಟದ ಕೆಲಸವೆಲ್ಲ ಯಾರ ಮೇಲೆ ಬೀಳುತ್ತಿತ್ತು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಆ ಕಾಲದ ಹೆಂಗಸರನ್ನು ಪ್ರತ್ಯೇಕವಾಗಿ ಕೇಳಿದರೆ ಉತ್ತರ ಇನ್ನೂ ಸ್ಪಷ್ಟವಾಗಿ ಸಿಗಬಹುದು.

ಡರ್ಖೈಮನೂ ಇದನ್ನು ಬಿಟ್ಟಿರಲಿಲ್ಲ. ಅದೇ 1893ರ ಪುಸ್ತಕದ ಕೊನೆಯ ಭಾಗ ಪರೀಕ್ಷೆಗೆ ಬರುವುದು ಕಡಿಮೆಯಾದ್ದರಿಂದ ವಿದ್ಯಾರ್ಥಿಗಳು ಹಾರಿಸಿಬಿಡುತ್ತಾರೆ. ಅಲ್ಲಿ ಅವನು ‘ಬಲವಂತದ ಶ್ರಮ ವಿಭಜನೆ’ಯ ವಿಷಯ ಎತ್ತುತ್ತಾನೆ. ಪರಸ್ಪರ ಅವಲಂಬನೆ ತಾನಾಗಿ ಐಕ್ಯತೆ ತರುವುದಿಲ್ಲ. ಜನರು ತಮಗೆ ಹೊಂದದ ಜಾಗಕ್ಕೆ ಒತ್ತಲ್ಪಟ್ಟಿದ್ದರೆ, ಹುಟ್ಟಿನಿಂದ ಬಂದ ಅನುಕೂಲವೇ ಎಲ್ಲವನ್ನೂ ತೀರ್ಮಾನಿಸುತ್ತಿದ್ದರೆ, ಆ ಅವಲಂಬನೆ ಒಳಗೊಳಗೇ ಕುದಿಯುತ್ತದೆ. ನ್ಯಾಯ ಇಲ್ಲದ ಕಡೆ ಸಾವಯವ ಐಕ್ಯತೆ ಹುಟ್ಟದು. ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ಒಂದು ಪ್ರಶ್ನೆ ಬಂತು: ಅರ್ಧಕ್ಕರ್ಧ ಇರುವ ಬಾಡಿಗೆದಾರರಿಗೆ ನಿಮ್ಮ ಸಂಘದಲ್ಲಿ ಮಾತಿದೆಯೇ? ನಿರ್ವಹಣಾ ವೆಚ್ಚ ಅವರ ಜೇಬಿನಿಂದಲೂ ಹೋಗುತ್ತಿದ್ದು, ಸಭೆಯಲ್ಲಿ ಕುರ್ಚಿ ಮಾತ್ರ ಇಲ್ಲದಿದ್ದರೆ, ಅವರ ನಿರ್ಲಕ್ಷ್ಯಕ್ಕೆ ಕಾರಣವನ್ನು ಬೇರೆ ಕಡೆ ಹುಡುಕಬೇಕಿಲ್ಲ.

ಒಗ್ಗಟ್ಟು ಹೆಚ್ಚಿದಷ್ಟೂ ಒಳ್ಳೆಯದು ಎಂಬುದೂ ನಿಜವಲ್ಲ. ಡರ್ಖೈಮ್ 1897ರಲ್ಲಿ ಆತ್ಮಹತ್ಯೆಯನ್ನು ಅಧ್ಯಯನ ಮಾಡಿದಾಗ, ಕಟ್ಟು ತೀರ ಸಡಿಲವಾದರೂ ತೀರ ಬಿಗಿಯಾದರೂ ಜೀವಕ್ಕೆ ಅಪಾಯವೆಂದ. ಮೊದಲ ಮಹಾಯುದ್ಧದ ನಂತರದ ಜರ್ಮನಿಯಲ್ಲಿ ಸಂಘ ಸಂಸ್ಥೆಗಳಿಗೆ ಕೊರತೆ ಇರಲಿಲ್ಲ. ಹಾಡುವವರ ಸಂಘ, ವ್ಯಾಯಾಮದವರ ಸಂಘ, ಪ್ರಾಣಿ ಸಾಕುವವರ ಸಂಘ. ಅಂಥ ಸಂಘಗಳು ದಟ್ಟವಾಗಿದ್ದ ಪಟ್ಟಣಗಳಲ್ಲಿ ಜನ ನಾಜಿ ಪಕ್ಷಕ್ಕೆ ಇನ್ನೂ ಬೇಗ ಸೇರಿದರು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಈಗ ಸಂಘದ ಮುಂದಿರುವ ಸಲಹೆಗಳಿಗೆ ಬರೋಣ. ಕೊನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರ ಬಗ್ಗೆ ನನಗೆ ಅನುಮಾನವಿಲ್ಲ. ‘ನಮ್ಮಂಥವರಿಗೇ ಮನೆ’ ಎಂಬುದನ್ನು ದಯವಿಟ್ಟು ಕೈಬಿಡಿ. ಅದು ಅನ್ಯಾಯ, ಅನೇಕ ಕಡೆ ಕಾನೂನಿಗೂ ವಿರುದ್ಧ. ಅದೂ ಅಲ್ಲದೆ ಅದರಿಂದ ನಿಮಗೆ ಬೇಕಾದದ್ದು ಸಿಗುವುದೂ ಇಲ್ಲ. ಇಂದು ಭಾಷೆಯಿಂದ ‘ನಮ್ಮಂಥವರು’ ಯಾರೆಂದು ಅಳೆದವರು ನಾಳೆ ಸಂಬಳದಿಂದ, ನಾಳಿದ್ದು ಆಹಾರದಿಂದ ಅಳೆಯುತ್ತಾರೆ.

ದಂಡದ ವಿಷಯದಲ್ಲಿ ಒಂದು ಪ್ರಸಿದ್ಧ ಪ್ರಯೋಗ ಹೇಳಬೇಕು. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಪೋಷಕರು ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುತ್ತಿದ್ದರು. ಕೆಲವು ಕಡೆ ದಂಡ ಹಾಕಿ ನೋಡಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಸುಮಾರು ಎರಡು ಪಟ್ಟಾದರು. ಮೊದಲು ‘ಪಾಪ, ಶಿಕ್ಷಕಿ ಕಾಯುತ್ತಿರುತ್ತಾಳೆ’ ಎಂಬ ದಾಕ್ಷಿಣ್ಯ ಇತ್ತು. ದಂಡ ಬಂದ ಮೇಲೆ ಅದು ದುಡ್ಡು ಕೊಟ್ಟು ಪಡೆದ ಸೌಲಭ್ಯವಾಯಿತು. ದಂಡ ತೆಗೆದ ಮೇಲೂ ದಾಕ್ಷಿಣ್ಯ ಮರಳಿ ಬರಲಿಲ್ಲ. ಹಾಗೆಂದು ನಿಯಮವೇ ಬೇಡವೆಂದಲ್ಲ. ಹುಲ್ಲುಗಾವಲು, ನೀರಾವರಿ ಕಾಲುವೆಗಳನ್ನು ಜನರೇ ತಲೆಮಾರುಗಟ್ಟಲೆ ನಿಭಾಯಿಸಿದ ಬಗೆಯನ್ನು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕಂಡದ್ದು, ನಿಯಮಕ್ಕೆ ಒಳಪಡುವವರೇ ನಿಯಮ ಮಾಡುವಾಗಲೂ ಇದ್ದರೆ, ಮೊದಲ ತಪ್ಪಿಗೆ ಶಿಕ್ಷೆ ಹಗುರವಾಗಿದ್ದರೆ ಅಂಥ ವ್ಯವಸ್ಥೆ ಬಾಳುತ್ತದೆ ಎಂದು. ನೀರು ಪೋಲು, ರಾತ್ರಿಯ ಗಲಾಟೆ, ಇಂಥವಕ್ಕೆ ನಿಯಮ ಇರಲಿ. ಸಭೆಗೆ ಬಾರದ್ದಕ್ಕೆ ದಂಡ ಬೇಡ.

ಸ್ನೇಹಕೂಟ ಒಳ್ಳೆಯದೇ. ಒಟ್ಟಿಗೆ ಸೇರಿದಾಗ ಜನರ ಮೈಯಲ್ಲಿ ಹರಿಯುವ ಆ ಹುರುಪು ಡರ್ಖೈಮನ ಪ್ರಕಾರ ಧರ್ಮದ ಬೇರು. ಆದರೆ ಕೂಟ ಒಂದರಿಂದಲೇ ಬಿರುಕು ಮುಚ್ಚುವುದಿಲ್ಲ. 1954ರಲ್ಲಿ ಒಕ್ಲಹೋಮಾದ ಬೇಸಿಗೆ ಶಿಬಿರದಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಶರೀಫ್ 22 ಹುಡುಗರನ್ನು ಎರಡು ಗುಂಪು ಮಾಡಿ ಪೈಪೋಟಿಗೆ ಬಿಟ್ಟಾಗ ಅವರ ನಡುವೆ ದ್ವೇಷ ಬೆಳೆಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಟ್ಟೆಯಲ್ಲಿದ್ದುದನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು. ಶಿಬಿರದ ನೀರು ನಿಂತುಹೋಗಿ ಎಲ್ಲರೂ ಸೇರಿ ಸರಿಮಾಡಬೇಕಾಗಿ ಬಂದಾಗ, ಕೆಟ್ಟು ನಿಂತ ಟ್ರಕ್ಕನ್ನು ಎಲ್ಲರೂ ಹಗ್ಗ ಹಿಡಿದು ಎಳೆಯಬೇಕಾಗಿ ಬಂದಾಗ ಹಗೆತನ ಇಳಿಯಿತು. ಹುಡುಗರು ಕೆಲವೇ ಮಂದಿ, ಪ್ರಯೋಗ ನಡೆಸಿದವರೇ ತೆರೆಮರೆಯಲ್ಲಿ ಸೂತ್ರ ಎಳೆಯುತ್ತಿದ್ದರು ಎಂಬ ಟೀಕೆ ಇದಕ್ಕಿದೆ. ಆದರೆ ಬೇರೆ ಬೇರೆ ಗುಂಪಿನವರು ಬೆರೆಯುವುದರ ಕುರಿತ 515 ಅಧ್ಯಯನಗಳನ್ನು 2006ರಲ್ಲಿ ಒಟ್ಟು ಮಾಡಿ ನೋಡಿದಾಗಲೂ, ಬೆರೆತರೆ ಪೂರ್ವಗ್ರಹ ಇಳಿಯುತ್ತದೆ, ಸಮಾನ ಸ್ಥಾನವೂ ಜಂಟಿ ಗುರಿಯೂ ಇದ್ದಲ್ಲಿ ಇನ್ನಷ್ಟು ಇಳಿಯುತ್ತದೆ ಎಂದು ಕಂಡಿತು. ಆದ್ದರಿಂದ ಕೂಟಕ್ಕಿಂತ ಮೊದಲು ಒಂದು ಕೆಲಸ ಹುಡುಕಿ, ಎರಡೂ ವಾಟ್ಸ್‌ಆ್ಯಪ್ ಗುಂಪಿನವರು ಕೈಹಾಕದೆ ಮುಗಿಯದಂಥದ್ದು. ಅದರಲ್ಲಿ ಮಾಲೀಕರೂ ಬಾಡಿಗೆದಾರರೂ ಸಮ ಸಂಖ್ಯೆಯಲ್ಲಿರಲಿ. ಕೆಲಸ ಕೆಟ್ಟರೆ ಒಬ್ಬರ ಮೇಲೊಬ್ಬರು ದೂರು ಹಾಕುವ ಅಪಾಯ ಇದೆ, ಹಾಗಾಗಿ ಚಿಕ್ಕದರಿಂದ ಶುರುಮಾಡಿ.

ಗುಂಪು ಎರಡಾದದ್ದಕ್ಕೆ ಅಷ್ಟು ನೊಂದುಕೊಳ್ಳಬೇಡಿ. ಜಗಳವೂ ಒಂದು ಸಂಬಂಧವೇ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1908ರಷ್ಟು ಹಿಂದೆಯೇ ಬರೆದಿದ್ದಾನೆ. ಜಗಳವಾಡುವವರು ಇನ್ನೂ ಒಂದೇ ಜಾಗವನ್ನು ತಮ್ಮದೆಂದುಕೊಂಡಿದ್ದಾರೆ. ನಾನು ಹೆಚ್ಚು ಹೆದರುವುದು ಯಾರೂ ಏನೂ ಅನ್ನದೆ ಬಾಗಿಲು ಹಾಕಿಕೊಂಡ ಕಟ್ಟಡಗಳಿಗೆ.

ಷಿಕಾಗೊದಲ್ಲೇ ನಡೆದ ಇನ್ನೊಂದು ಅಧ್ಯಯನ ನಿಮಗೆ ಸಮಾಧಾನ ತರಬಹುದು. ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಯವರು 343 ನೆರೆಹೊರೆಗಳ 8,782 ನಿವಾಸಿಗಳನ್ನು ಮಾತಾಡಿಸಿ 1997ರಲ್ಲಿ ಪ್ರಕಟಿಸಿದ್ದು ಅದು. ಮಕ್ಕಳು ಶಾಲೆ ತಪ್ಪಿಸಿ ಬೀದಿಯಲ್ಲಿ ನಿಂತಿದ್ದರೆ ನೆರೆಯವರು ಕೇಳುತ್ತಾರೆಯೇ, ಕಟ್ಟಡದ ಗೋಡೆಗೆ ಬಣ್ಣ ಎರಚಿ ಕೆಡಿಸುತ್ತಿದ್ದರೆ ತಡೆಯುತ್ತಾರೆಯೇ ಎಂದೆಲ್ಲ ವಿಚಾರಿಸಿದರು. ‘ಹೌದು, ಬರುತ್ತಾರೆ’ ಎಂಬ ಭರವಸೆ ಇದ್ದ ಕಡೆ, ಬಡತನ ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹಿಂಸೆ ಕಡಿಮೆ ಇತ್ತು. ಆ ಭರವಸೆಗೆ ಗಾಢ ಗೆಳೆತನ ಬೇಕಿರಲಿಲ್ಲ. ಜನ ಪದೇ ಪದೇ ಮನೆ ಬದಲಿಸುವ ಕಡೆ ಅದು ಕುಂದುತ್ತದೆ ಎಂಬುದೂ ಅಲ್ಲೇ ಇದೆ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆದಾರರನ್ನು ಬದಲಿಸುವ ಮಾಲೀಕರು ನಿಮ್ಮಲ್ಲಿದ್ದರೆ ಅವರ ಜೊತೆ ಮಾತಾಡಿ, ಒಳ್ಳೆಯವರು ಐದು ವರ್ಷ ಉಳಿಯುವಂತೆ ಮಾಡಿ.

ಮತ್ತೆ ಆ ಹಿರಿಯರು. ಅವರ ಮನೆಯ ಇನ್ನೊಂದು ಬೀಗದಕೈ ಯಾರ ಹತ್ತಿರ ಇರಬೇಕೆಂದು ಅವರನ್ನೇ ಕೇಳಿ, ಸಂಘ ತೀರ್ಮಾನಿಸುವುದು ಬೇಡ. ಬೆಳಿಗ್ಗೆ ಪತ್ರಿಕೆ ಒಳಗೆ ಎತ್ತಿಕೊಂಡಿದ್ದಾರೆಯೇ ಎಂದು ಹೋಗುತ್ತ ಬರುತ್ತ ನೋಡುವ ಇಬ್ಬರು ಸಾಕು, ಅವರಲ್ಲಿ ಒಬ್ಬರು ಹೊಸಬರಾಗಿರಲಿ. ಆಮೇಲೆ ಅವರಿಂದಲೂ ಏನಾದರೊಂದು ಕೇಳಿ. ಅವರು ಏನು ಕೆಲಸ ಮಾಡುತ್ತಿದ್ದರು ಎಂದು ನೀವು ಬರೆದಿಲ್ಲ. ಲೆಕ್ಕ ಬಲ್ಲವರಾದರೆ ಸಂಘದ ಈ ವರ್ಷದ ಖರ್ಚುವೆಚ್ಚ ನೋಡಿಕೊಡಲಿ, ಪಾಠ ಹೇಳಬಲ್ಲವರಾದರೆ ಮಕ್ಕಳು ವಾರಕ್ಕೆರಡು ಸಂಜೆ ಅವರ ಮನೆಗೆ ಹೋಗಲಿ. ಬರೀ ಪಡೆಯುವವರಾಗಿ ಉಳಿದರೆ ಆ ಹಂಗು ಅವರನ್ನು ಕುಗ್ಗಿಸುತ್ತದೆ, ಮುಂದಿನ ಸಲ ಬಿದ್ದರೂ ಕೂಗಲು ಸಂಕೋಚಪಡುತ್ತಾರೆ.